ಕಿಟ್ಟದ ವಯಸ್ಸು

ಕಮಲಾಪುರದ ಕಮ್ಮಾರರು ಅದಿರಿನಿಂದ ಕಬ್ಬಿಣ ತೆಗೆಯುವುದನ್ನು ಯಾವಾಗ ನಿಲ್ಲಿಸಿದರು ಎಂಬುದು ನಮಗೆ ಹೆಚ್ಚುಕಡಿಮೆ ಗೊತ್ತು. 1904ರಲ್ಲಿ ಅಚ್ಚಾದ ಬಳ್ಳಾರಿ ಜಿಲ್ಲೆಯ ಗೆಜೆಟಿಯರಿನಲ್ಲಿ ಡಬ್ಲ್ಯು. ಫ್ರಾನ್ಸಿಸ್ ಆ ಸಂಗತಿಯನ್ನು ಬರೆದಿಟ್ಟಿದ್ದಾರೆ. ಕಬ್ಬಿನ ಹಾಲು ಕಾಯಿಸುವ ಅಗಲವಾದ ಕೊಪ್ಪರಿಗೆಗಳಿಗೆ ಆಗ ಕಮಲಾಪುರ ಹೆಸರಾಗಿತ್ತು. ಹಿಂದೆ ಅವಕ್ಕೆ ಬೇಕಾದ ಕಬ್ಬಿಣವೂ ಅಲ್ಲಿಯದೇ. ಸಂಡೂರು ಬೆಟ್ಟಸಾಲಿನ ತುದಿಯಲ್ಲಿ, ಹೊಸಪೇಟೆಯ ನೆತ್ತಿಗೆ ನಿಂತಿರುವ ಜಂಬುನಾಥನ ಗುಡ್ಡದಿಂದ ಅದಿರು ಕೋಣಗಳ ಬೆನ್ನೇರಿ ಬರುತ್ತಿತ್ತು. ಕಮ್ಮಾರರು ಅದನ್ನು ಸುಟ್ಟು, ಬಡಿದು ಕಬ್ಬಿಣ ಮಾಡುತ್ತಿದ್ದರು. ಅಗ್ಗದ ಇಂಗ್ಲಿಷ್ ಕಬ್ಬಿಣ ಬಂದ ಮೇಲೆ ಈ ಕಸುಬು ಸತ್ತಿತು. ಗೆಜೆಟಿಯರ್ ಬರೆಯುವ ಹೊತ್ತಿಗೆ ಕಮ್ಮಾರರು ಸೀಮೆಯ ತಗಡಿನಲ್ಲೇ ಕೊಪ್ಪರಿಗೆ ಮಾಡುತ್ತಿದ್ದರು. ಊರಿನಲ್ಲಿ ಅವರದೇ ಒಂದು ಕಾಳಿಯ ಗುಡಿ ಇತ್ತು, ಪೂಜೆಯೂ ಅವರವರದೇ.

ಕೊನೆಯ ಬೆಂಕಿ ಆರಿದ್ದು ಹೀಗೆ ಕಾಗದದ ಮೇಲಿದೆ. ಈ ಸೀಮೆಯಲ್ಲಿ ಮೊದಲ ಕುಲುಮೆಗೆ ಬೆಂಕಿ ಬಿದ್ದದ್ದು ಯಾವಾಗ ಎಂಬುದನ್ನು ಮಾತ್ರ ಯಾರೂ ಬರೆದಿಡಲಿಲ್ಲ. ಆಗ ಬರವಣಿಗೆಯೇ ಇರಲಿಲ್ಲ. ಉಳಿದಿರುವುದು ಕಿಟ್ಟ. ಅದಿರಿನಿಂದ ಕಬ್ಬಿಣ ಬೇರೆಯಾದ ಮೇಲೆ ಹರಿದು ಹೊರಬಂದು ಹೆಪ್ಪುಗಟ್ಟಿದ ಕರಿಯ, ಭಾರದ ಕಲ್ಲು ಅದು. ಮಳೆ ಬಿಸಿಲಿಗೆ ಕರಗುವುದಿಲ್ಲ, ಕೊಳೆಯುವುದಿಲ್ಲ, ಯಾರೂ ಕದ್ದೊಯ್ಯುವುದಿಲ್ಲ. ಕಬ್ಬಿಣವೇ ತುಕ್ಕು ಹಿಡಿದು ಮಣ್ಣಾದರೂ ಕಬ್ಬಿಣ ಹುಟ್ಟಿದ ಜಾಗದಲ್ಲಿ ಅದರ ಕಸ ಮೂರು ಸಾವಿರ ವರ್ಷ ಹಾಗೇ ಬಿದ್ದಿರುತ್ತದೆ. ಆದರೆ ಮೂರು ಸಾವಿರ ವರ್ಷದ ಹಿಂದಿನ ಕಿಟ್ಟವನ್ನೂ ಕಮಲಾಪುರದ ಕೊನೆಯ ಕಮ್ಮಾರರ ಕಿಟ್ಟವನ್ನೂ ಅಂಗೈಯಲ್ಲಿಟ್ಟು ನೋಡಿದರೆ ಎರಡೂ ಒಂದೇ. ಅಕ್ಕಪಕ್ಕದ ಹೊಲಗಳಲ್ಲಿ ಎರಡೂ ಒಂದೇ ನೇಗಿಲಿಗೆ ಏಳುತ್ತವೆ.

ಅವು ಒಂದೇ ತರ ಇರುವುದಕ್ಕೆ ಕಾರಣವಿದೆ. ಶುದ್ಧ ಕಬ್ಬಿಣ ಕರಗಲು 1,538 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಮಣ್ಣಿನ ಗೂಡು, ಇದ್ದಿಲು ಮತ್ತು ಚರ್ಮದ ತಿದಿಯಿಂದ ಅಷ್ಟು ಕಾವು ಹುಟ್ಟುವುದಿಲ್ಲ. ಸುಮಾರು 1,200 ಡಿಗ್ರಿಗೆ ಏರಿದರೆ ಹೆಚ್ಚು. ಅಷ್ಟೇ ಸಾಕು ಎಂಬುದನ್ನು ಕಂಡುಕೊಂಡದ್ದೇ ಆ ಕಾಲದವರ ಜಾಣ್ಮೆ. ಗೂಡಿನೊಳಗೆ ಇದ್ದಿಲು ಅರೆಬರೆ ಉರಿದಾಗ ಹುಟ್ಟುವ ಕಾರ್ಬನ್ ಮಾನಾಕ್ಸೈಡ್ ಅನಿಲ ಅದಿರಿನ ಆಮ್ಲಜನಕವನ್ನು ಕಿತ್ತುಕೊಳ್ಳುತ್ತದೆ. ಕಬ್ಬಿಣ ಕರಗದೆ, ಗಟ್ಟಿಯಾಗಿರುವಾಗಲೇ ಅದಿರಿನಿಂದ ಬಿಡುಗಡೆಯಾಗುತ್ತದೆ. ಅದಿರಿನಲ್ಲಿದ್ದ ಮರಳಿನಂಶವು ಸ್ವಲ್ಪ ಕಬ್ಬಿಣದ ಆಕ್ಸೈಡನ್ನು ಕೂಡಿಕೊಂಡು ಫಯಲೈಟ್ ಎಂಬ ಖನಿಜವಾಗುತ್ತದೆ. ಇದು ಸುಮಾರು 1,200 ಡಿಗ್ರಿಯಲ್ಲೇ ಕರಗಿ ನೀರಾಗಿ ಕೆಳಗಿಳಿಯುತ್ತದೆ. ಮೇಲೆ ಉಳಿಯುವುದು ಸ್ಪಂಜಿನಂತೆ ತೂತುತೂತಾದ ಕಬ್ಬಿಣದ ಮುದ್ದೆ. ಅದನ್ನು ಕೆಂಪಗೆ ಕಾಯಿಸಿ ಬಡಿದು ಬಡಿದು ಒಳಗಿನ ಕಿಟ್ಟ ಹಿಂಡಿದರೆ ಕಮ್ಮಾರನ ಕೈಗೆ ಬರುವ ಕಬ್ಬಿಣ ಸಿದ್ಧ. 1800–01ರಲ್ಲಿ ಫ್ರಾನ್ಸಿಸ್ ಬುಕಾನನ್ ಮೈಸೂರು ಸೀಮೆಯಲ್ಲಿ ಕಂಡ ಕುಲುಮೆಗಳು ಕೂಡ ಈ ಹಾದಿಯವೇ. ರಸಾಯನ ಬದಲಾಗಲಿಲ್ಲ, ಹಾಗಾಗಿ ಕಸವೂ ಬದಲಾಗಲಿಲ್ಲ.

ಕಿಟ್ಟದಂತೆ ಕಾಣುವುದೆಲ್ಲ ಕಿಟ್ಟವೂ ಅಲ್ಲ. ಬಳ್ಳಾರಿಯಿಂದ ಹೊಸಪೇಟೆಗೆ ಬರುವ ದಾರಿಯಲ್ಲಿ ಕುಡತಿನಿಯ ಬಳಿ ಒಂದು ಬೂದಿದಿಬ್ಬವಿದೆ. ಹಂಪಿಯ ಪಕ್ಕದ ನಿಂಬಾಪುರದಲ್ಲಿ ಇನ್ನೊಂದಿದೆ. ಅದು ವಾಲಿಯನ್ನು ಸುಟ್ಟ ಜಾಗದ ಬೂದಿ ಎಂದು ಜನ ತೋರಿಸುತ್ತಾರೆ. ಕಿಷ್ಕಿಂಧೆಯ ನೆಲದಲ್ಲಿ ಆ ಮಾತು ಹುಟ್ಟದಿದ್ದರೇ ಆಶ್ಚರ್ಯ. ಈ ದಿಬ್ಬಗಳಲ್ಲಿ ಬೂದಿಯ ಜೊತೆಗೆ ಗಾಜಿನಂತೆ ಕರಗಿ ಗಟ್ಟಿಯಾದ, ಗುಳ್ಳೆಗುಳ್ಳೆಯಾದ ಗಂಟುಗಳು ಸಿಗುತ್ತವೆ. ಅವನ್ನು ನೋಡಿ ಜ್ವಾಲಾಮುಖಿಯ ಕಲ್ಲೆಂದವರಿದ್ದರು, ಲೋಹದ ಕುಲುಮೆಗಳ ಕಸವೆಂದವರೂ ಇದ್ದರು. ಸುಟ್ಟ ಸಗಣಿ ಎಂದು ಗುರುತಿಸಿದ್ದು ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್. ಸಂಡೂರು ಬೆಟ್ಟಗಳನ್ನು ಕಾಲ್ನಡಿಗೆಯಲ್ಲಿ ಅಳೆದು 1895ರಲ್ಲಿ ಬಳ್ಳಾರಿ ಜಿಲ್ಲೆಯ ಭೂವಿಜ್ಞಾನವನ್ನು ಪ್ರಕಟಿಸಿದ ಆತನಿಗೆ ಕಬ್ಬಿಣದ ಕಿಟ್ಟ ಹೇಗಿರುತ್ತದೆಂಬುದು ಚೆನ್ನಾಗಿ ಗೊತ್ತಿತ್ತು. 1960ರಲ್ಲಿ ಎಫ್. ಇ. ಝಾಯ್ನರ್ ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ ಫೂಟ್ ಮಾತನ್ನು ಗಟ್ಟಿಮಾಡಿದರು. ರೇಮಂಡ್ ಆಲ್ಚಿನ್ ತೆಲುಗು ಸೀಮೆಯ ಉತ್ನೂರಿನಲ್ಲಿ ಅಗೆದಾಗ ಬೂದಿಯ ಪದರಗಳಲ್ಲಿ ದನಗಳ ಗೊರಸಿನ ಗುರುತುಗಳೇ ಸಿಕ್ಕವು. ಹುಲ್ಲಿನಲ್ಲಿರುವ ಸಿಲಿಕಾ ಸಗಣಿಯಲ್ಲಿ ಸೇರಿ, ದೊಡ್ಡ ಬೆಂಕಿಯಲ್ಲಿ ಕರಗಿ ಗಾಜಾಗಿತ್ತು. ಅದು ಕಬ್ಬಿಣ ಬರುವುದಕ್ಕೂ ಬಹಳ ಹಿಂದಿನ ದನಗಾಹಿಗಳ ಕಾಲ. ಕೈಯಲ್ಲಿ ಹಿಡಿದರೆ ಬೂದಿಗಂಟು ಹಗುರ, ಕಬ್ಬಿಣದ ಕಿಟ್ಟ ಭಾರ. ಇವತ್ತಿಗೂ ಹೊಲದಲ್ಲಿ ಮಾಡುವ ಮೊದಲ ಪರೀಕ್ಷೆ ಅದೇ, ಪ್ರಯೋಗಾಲಯ ಆಮೇಲೆ.

ಸಿಕ್ಕಿದ್ದು ನಿಜವಾದ ಕಿಟ್ಟವೇ ಎನ್ನೋಣ. ಅದರ ವಯಸ್ಸೆಷ್ಟು? ಪ್ರಶ್ನೆಯನ್ನು ಹೀಗೆ ಕೇಳಿದರೆ ಉತ್ತರ ಸಿಗುವುದಿಲ್ಲ. ಸಂಡೂರು ಶಿಲಾಪಟ್ಟಿಯ ಕಬ್ಬಿಣಕ್ಕೆ ಸುಮಾರು 270 ಕೋಟಿ ವರ್ಷ ವಯಸ್ಸು; ಕಬ್ಬಿಣದ ಪರಮಾಣುವಿಗೆ ಕುಲುಮೆಯ ನೆನಪಿಲ್ಲ. ವಿಜ್ಞಾನ ಅಳೆಯಬಲ್ಲದ್ದು ವಸ್ತುವಿನ ವಯಸ್ಸನ್ನಲ್ಲ, ಒಂದು ಘಟನೆಯಿಂದ ಈಚೆಗೆ ಸರಿದ ಕಾಲವನ್ನು. ಮರ ಬೆಳೆದದ್ದು ಒಂದು ಘಟನೆ, ಗೂಡಿನ ಗೋಡೆ ಕಾದು ತಣಿದದ್ದು ಇನ್ನೊಂದು, ಕುಡುಗೋಲು ಮುರಿದು ಮಣ್ಣಿಗೆ ಬಿದ್ದದ್ದು ಮತ್ತೊಂದು. ಒಂದೊಂದಕ್ಕೂ ಒಂದೊಂದು ಗಡಿಯಾರ. ಕಬ್ಬಿಣದ ಪ್ರಾಚೀನತೆಯ ಬಗ್ಗೆ ಪತ್ರಿಕೆಗಳಲ್ಲಿ ದೊಡ್ಡ ಅಕ್ಷರದಲ್ಲಿ ಬರುವ ಸಂಖ್ಯೆಗಳನ್ನು ಓದುವಾಗ ಇದು ಯಾವ ಘಟನೆಯ ತಾರೀಖು ಎಂದು ಕೇಳಿಕೊಳ್ಳದಿದ್ದರೆ ನಾವು ಮೋಸಹೋಗುತ್ತೇವೆ.

ಗಡಿಯಾರಗಳು ಬರುವ ಮೊದಲು ಏನಾಗಿತ್ತು ಎಂಬುದಕ್ಕೆ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯೇ ಸಾಕ್ಷಿ. 1947ರಲ್ಲಿ ಮಾರ್ಟಿಮರ್ ವ್ಹೀಲರ್ ಅಲ್ಲಿ ಅಗೆದು ಪದರ ಪದರವಾಗಿ ಇತಿಹಾಸ ಬಿಡಿಸಿಟ್ಟರು. ಕೆಳಗೆ ಕಲ್ಲುಕೊಡಲಿಗಳ ಜನ, ಅದರ ಮೇಲೆ ಕಬ್ಬಿಣದವರು, ಅದರ ಮೇಲೆ ಆಂಧ್ರರ ಕಾಲ. ಕ್ರಮ ಸರಿಯಾಗಿತ್ತು. ಕಾಲಕ್ಕೆ ಅವರಿಗಿದ್ದ ಆಧಾರ ಮೇಲಿನ ಪದರದ ನಾಣ್ಯಗಳು ಮತ್ತು ರೋಮ್ ವ್ಯಾಪಾರದ ಕಾಲದ ಮಡಕೆಗಳು ಮಾತ್ರ. ಅಲ್ಲಿಂದ ಕೆಳಕ್ಕೆ ಅಂದಾಜಿನಲ್ಲಿ ಎಣಿಸಿ, ಕಬ್ಬಿಣದ ಕಾಲ ಶುರುವಾದದ್ದು ಕ್ರಿ.ಪೂ. 200ರ ಸುಮಾರಿಗೆ ಎಂದರು. ಅಶೋಕನ ಶಾಸನ ಅದೇ ಬ್ರಹ್ಮಗಿರಿಯ ಬಂಡೆಯ ಮೇಲಿದೆ. ಅಂದರೆ ಅಶೋಕ ಶಾಸನ ಕೊರೆಸಿದ ಹೊತ್ತಿಗೆ ಈ ಸೀಮೆಯವರ ಕೈಯಲ್ಲಿ ಇನ್ನೂ ಕಲ್ಲುಕೊಡಲಿ ಇತ್ತು ಎಂದಾಯಿತು! ಕಾಲಮಾಪನ ಇಲ್ಲದಿದ್ದರೆ ಒಂದು ನಾಡಿನ ಜನರನ್ನು ಎಷ್ಟು ಹಿಂದಕ್ಕೆ ತಳ್ಳಿಬಿಡಬಹುದು ನೋಡಿ.

ಅದನ್ನು ತಿದ್ದಿದ್ದು ತುಂಗಭದ್ರೆಯ ದಂಡೆಯೇ. 1965ರಲ್ಲಿ ಎಂ. ಎಸ್. ನಾಗರಾಜರಾವ್ ಈಗಿನ ಹಾವೇರಿ ಜಿಲ್ಲೆಯ ಹಳ್ಳೂರಿನಲ್ಲಿ ಅಗೆದರು. ಮುಂದೆ ಹಂಪಿಯ ಉತ್ಖನನಗಳನ್ನು ನಡೆಸಿದವರೂ ಅವರೇ. ಶಿಲಾಯುಗದ ಕೊನೆಯ ಜನ ಇನ್ನೂ ಇದ್ದಂತೆಯೇ ಕಬ್ಬಿಣ ಕಾಣಿಸಿಕೊಂಡ ಪದರದ ಇದ್ದಿಲು ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಗೆ ಹೋಯಿತು. ಬಂದ ಉತ್ತರ ಕ್ರಿ.ಪೂ. 1000ದ ಆಸುಪಾಸು, ನೂರು ವರ್ಷ ಆಚೀಚೆ. ವ್ಹೀಲರ್ ಹೇಳಿದ್ದಕ್ಕಿಂತ ಎಂಟುನೂರು ವರ್ಷ ಹಿಂದೆ. ಒಂದು ಹಿಡಿ ಇದ್ದಿಲು ಎಂಟು ಶತಮಾನಗಳನ್ನು ಕರ್ನಾಟಕಕ್ಕೆ ಮರಳಿಸಿತು ಎಂದರೆ ಅದು ಅತಿಶಯವಲ್ಲ.

ಇದ್ದಿಲಿನ ಗಡಿಯಾರ ಹೀಗೆ ನಡೆಯುತ್ತದೆ. ಗಾಳಿಯಲ್ಲಿರುವ ಇಂಗಾಲದಲ್ಲಿ ಅತ್ಯಲ್ಪ ಪಾಲು ಇಂಗಾಲ-14. ಬಾಹ್ಯಾಕಾಶದಿಂದ ಬರುವ ಕಿರಣಗಳು ಮೇಲಿನ ವಾಯುಮಂಡಲದಲ್ಲಿ ಅದನ್ನು ಸದಾ ಹುಟ್ಟಿಸುತ್ತಿರುತ್ತವೆ. ಗಿಡ ಮರಗಳು ಬಿಸಿಲಿನಲ್ಲಿ ಆಹಾರ ಮಾಡಿಕೊಳ್ಳುವಾಗ ಗಾಳಿಯಿಂದ ಅದನ್ನು ಒಳಗೆ ತೆಗೆದುಕೊಳ್ಳುತ್ತವೆ. ಮರದಲ್ಲಿ ಒಂದು ಬಳೆ ಬೆಳೆದು ಮುಗಿದ ಮೇಲೆ ಆ ಬಳೆಗೆ ಹೊಸ ಇಂಗಾಲ ಸೇರುವುದಿಲ್ಲ. ಇದ್ದ ಇಂಗಾಲ-14 ಪ್ರತಿ 5,730 ವರ್ಷಕ್ಕೆ ಅರ್ಧದಂತೆ ಕ್ಷಯಿಸುತ್ತದೆ. ಉಳಿದದ್ದನ್ನು ಎಣಿಸಿದರೆ ಕಳೆದ ಕಾಲ ತಿಳಿಯುತ್ತದೆ. 1949ರಲ್ಲಿ ವಿಲರ್ಡ್ ಲಿಬ್ಬಿ ತಂಡ ಇದನ್ನು ಮಾಡಿ ತೋರಿಸಿತು. ಕಬ್ಬಿಣದ ಕುಲುಮೆಗೆ ಹೇಳಿ ಮಾಡಿಸಿದಂಥ ವಿಧಾನ ಇದು. ಕುಲುಮೆಯ ಹೊಟ್ಟೆ ತುಂಬ ಇದ್ದಿಲು, ಕಿಟ್ಟದ ಗಂಟಿನೊಳಗೇ ಇದ್ದಿಲಿನ ಚೂರು ಸಿಕ್ಕಿಕೊಂಡಿರುತ್ತದೆ. ಆ ಚೂರು ಬೇರೆ ಕಾಲದಿಂದ ಬಂದು ಸೇರಿರಲು ಸಾಧ್ಯವಿಲ್ಲ, ಕಿಟ್ಟ ಹರಿಯುವಾಗಲೇ ಅದನ್ನು ನುಂಗಿದೆ. ಹೊಲದಲ್ಲಿ ಬಿದ್ದ ಸಡಿಲ ಇದ್ದಿಲಿಗಿಂತ ಅದು ಎಷ್ಟೋ ಮೇಲು.

ತೊಡಕುಗಳೂ ಇವೆ. ಈ ಬಯಲುಸೀಮೆಯ ಕಮರ, ಕಗ್ಗಲಿ, ಜಾಲಿಗಳು ಗಟ್ಟಿಮರಗಳು, ಚೆನ್ನಾಗಿ ಕಾವು ಕೊಡುವ ಇದ್ದಿಲಿನವು. ಇಂಥ ಹಳೆಯ ಮರದ ತಿರುಳು ಕಡಿಯುವ ದಿನಕ್ಕೇ ನೂರಾರು ವರ್ಷ ಹಳತಾಗಿರಬಹುದು. ಗಡಿಯಾರ ಹೇಳುವುದು ತಿರುಳು ಬೆಳೆದ ಕಾಲ, ಬೆಂಕಿ ಹಚ್ಚಿದ ಕಾಲವಲ್ಲ. ಆದ್ದರಿಂದ ಬಲ್ಲವರು ತೆಳ್ಳನೆಯ ಟೊಂಗೆಯ ಇದ್ದಿಲು ಹುಡುಕುತ್ತಾರೆ, ಒಂದೇ ವರ್ಷ ಬದುಕುವ ಗಿಡದ ಕಾಳು ಸಿಕ್ಕರೆ ಇನ್ನೂ ಹಿಗ್ಗುತ್ತಾರೆ.

ಇನ್ನೊಂದು ತೊಡಕು ನಮ್ಮ ಸೀಮೆಯ ಕಬ್ಬಿಣದ ಕಾಲಕ್ಕೇ ಬಂದು ಅಡ್ಡ ನಿಂತಿದೆ. ಗಾಳಿಯಲ್ಲಿ ಇಂಗಾಲ-14ರ ಪ್ರಮಾಣ ಎಲ್ಲ ಕಾಲದಲ್ಲೂ ಒಂದೇ ಇರಲಿಲ್ಲ. ಕ್ರಿ.ಪೂ. 800ರ ಸುಮಾರಿಗೆ ಅದು ಹೆಚ್ಚಿತ್ತು, ಅಲ್ಲಿಂದ ಕ್ರಿ.ಪೂ. 400ರವರೆಗೆ ಮೆಲ್ಲಗೆ ಇಳಿಯುತ್ತ ಬಂತು. ಅಣ್ಣನಿಗೆ ಅಪ್ಪ ಜಾಸ್ತಿ ದುಡ್ಡು ಕೊಟ್ಟು ಕಳಿಸಿದ, ತಮ್ಮನಿಗೆ ಕೆಲವು ದಿನ ಬಿಟ್ಟು ಕಡಿಮೆ ಕೊಟ್ಟು ಕಳಿಸಿದ ಎನ್ನಿ. ಅಣ್ಣ ಹೆಚ್ಚು ದಿನ ಖರ್ಚು ಮಾಡಿದ್ದಾನೆ, ತಮ್ಮ ಕಡಿಮೆ ದಿನ. ಇವತ್ತು ಇಬ್ಬರ ಜೇಬಿನಲ್ಲೂ ಒಂದೇ ಮೊತ್ತ. ಜೇಬು ನೋಡಿ ಯಾರು ಮೊದಲು ಮನೆ ಬಿಟ್ಟರು ಎಂದು ಹೇಳುವುದು ಹೇಗೆ? ಹಾಗೆ ಕ್ರಿ.ಪೂ. 750ರ ಇದ್ದಿಲೂ 450ರ ಇದ್ದಿಲೂ ಯಂತ್ರದಲ್ಲಿ ಹೆಚ್ಚುಕಡಿಮೆ ಒಂದೇ ಸಂಖ್ಯೆ ಕೊಡುತ್ತವೆ. ಮರದ ಬಳೆಗಳನ್ನು ಎಣಿಸಿ ಕಟ್ಟಿದ ತಿದ್ದುಪಡಿಯ ವಕ್ರರೇಖೆ ಇಲ್ಲಿ ನೆಲಕ್ಕೆ ಚಪ್ಪಟೆಯಾಗಿಬಿಡುತ್ತದೆ. ಅಳತೆ ಎಷ್ಟೇ ನಯವಾಗಿರಲಿ, ಉತ್ತರ ಮುನ್ನೂರು ನಾನೂರು ವರ್ಷ ಅಗಲವೇ.

ಈ ಚಪ್ಪಟೆ ನೆಲದ ನಡುವೆಯೇ ಕಡೆಬಾಗಿಲು ಇದೆ. ಕಮಲಾಪುರದಿಂದ ಕಂಪ್ಲಿಗೆ ಹೋಗುವ ದಾರಿಯಲ್ಲಿ ಬುಕ್ಕಸಾಗರ ಸಿಗುತ್ತದೆ. ಅಲ್ಲಿ ತುಂಗಭದ್ರೆಯ ಸೇತುವೆ ದಾಟಿದರೆ ಆನೆಗೊಂದಿ ದಂಡೆಯ ಕಡೆಬಾಗಿಲು. ವಿಜಯನಗರದ ಕೋಟೆಯ ಕೊನೆಯ ಬಾಗಿಲೆಂದು ಊರಿಗೆ ಆ ಹೆಸರು. ಊರಿನ ಬಳಿಯ ಗುಡ್ಡದ ಮೇಲೆ ವಿಜಯನಗರಕ್ಕಿಂತ ಎರಡು ಸಾವಿರ ವರ್ಷ ಹಿಂದಿನ ಇನ್ನೊಂದು ದೊಡ್ಡ ಊರಿತ್ತು. 2003ರಿಂದ ಮಿಷಿಗನ್ ವಿಶ್ವವಿದ್ಯಾಲಯದ ಕಾರ್ಲಾ ಸಿನೊಪೊಲಿ, ಷಿಕಾಗೋದ ಕ್ಯಾಥ್ಲೀನ್ ಮಾರಿಸನ್ ಮತ್ತು ಕರ್ನಾಟಕ ಪುರಾತತ್ವ ಇಲಾಖೆಯ ಆರ್. ಗೋಪಾಲ್ ಅಲ್ಲಿ ಉತ್ಖನನ ನಡೆಸಿದರು. ಕ್ರಿ.ಪೂ. 800ರಿಂದ 400ರ ನಡುವಿನ ಪದರಗಳಲ್ಲಿ ಕಬ್ಬಿಣದ ವಸ್ತುಗಳು ಸಿಕ್ಕವು. ಬೆಂಗಳೂರಿನ ಶಾರದಾ ಶ್ರೀನಿವಾಸನ್ ಮತ್ತು ಎಸ್. ರಂಗನಾಥನ್ ಉತ್ಖನನಕಾರರ ಜೊತೆಗೂಡಿ ಅವುಗಳ ಒಳರಚನೆ ಪರೀಕ್ಷಿಸಿದಾಗ ಅವುಗಳಲ್ಲಿ ಇಂಗಾಲ ಹೆಚ್ಚಿದ್ದ ಉಕ್ಕು ಕಂಡುಬಂತು. ಕನ್ನಡದ ಉಕ್ಕು ಎಂಬ ಮಾತು ಯುರೋಪಿಗೆ ಹೋಗಿ ವೂಟ್ಜ್ ಆದ ಕತೆ ನಮಗೆಲ್ಲ ಗೊತ್ತು. ಆ ಮಾತು ಹುಟ್ಟಿದ ನಾಡಿನಲ್ಲಿ ಉಕ್ಕು ಎಷ್ಟು ಹಳತು ಎಂಬುದಕ್ಕೆ ಕಡೆಬಾಗಿಲು ಕಣ್ಣೆದುರಿನ ಪುರಾವೆ. ಕ್ರಿ.ಪೂ. 800ರಿಂದ 400 ಎಂದಾಗ ಅಗೆದವರು ಅಸಡ್ಡೆ ಮಾಡಿದರೆಂದಲ್ಲ. ಆ ನಾನೂರು ವರ್ಷದ ಅಗಲ ವಾಯುಮಂಡಲ ಕೊಟ್ಟದ್ದು.

ಅದನ್ನು ಕಿರಿದು ಮಾಡುವ ಉಪಾಯವೂ ಉಂಟು. ಕೆಳಗಿನ ಪದರ ಮೇಲಿನದಕ್ಕಿಂತ ಹಳತು ಎಂಬ ನೆಲದ ಸಾಕ್ಷ್ಯವನ್ನು ಗಣಿತದೊಳಗೆ ಸೇರಿಸಿ, ಒಂದೇ ಸ್ಥಳದ ಹತ್ತಾರು ಅಳತೆಗಳನ್ನು ಒಟ್ಟಿಗೆ ತೂಗಿದರೆ ಅಸಾಧ್ಯವಾದ ಸಾಧ್ಯತೆಗಳು ಉದುರಿಹೋಗುತ್ತವೆ. ಬಳ್ಳಾರಿಯ ಪಕ್ಕದ ಸಂಗನಕಲ್ಲಿನಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ರವಿ ಕೋರಿಶೆಟ್ಟರ್, ಡೋರಿಯನ್ ಫುಲ್ಲರ್ ಮತ್ತು ನಿಕೋಲ್ ಬೋಯಿವಿನ್ ಸೇರಿ ನವಶಿಲಾಯುಗಕ್ಕೆ ಹೀಗೆ ಮಾಡಿ 2007ರಲ್ಲಿ ಪ್ರಕಟಿಸಿದರು. ಕಬ್ಬಿಣದ ಕಾಲಕ್ಕೂ ಅಂಥದೇ ಕೆಲಸ ಆಗಬೇಕು.

ಎರಡನೆಯ ಗಡಿಯಾರ ಮಣ್ಣಿನಲ್ಲಿದೆ. ಕುಲುಮೆಯ ಗೋಡೆಯಲ್ಲಿ, ತಿದಿಯ ಗಾಳಿ ಒಳನುಗ್ಗುವ ಮಣ್ಣಿನ ಕೊಳವೆಯಲ್ಲಿ ಸ್ಫಟಿಕದ ಮರಳಿನ ಕಣಗಳಿರುತ್ತವೆ. ಸುತ್ತಲಿನ ಮಣ್ಣು ಕಲ್ಲಿನಲ್ಲಿರುವ ಯುರೇನಿಯಂ, ಥೋರಿಯಂ, ಪೊಟ್ಯಾಸಿಯಂಗಳ ವಿಕಿರಣ ಆ ಕಣಗಳಿಗೆ ಸದಾ ತಾಗುತ್ತದೆ. ಪ್ರತಿ ತಾಗುವಿಕೆಯೂ ಒಂದಿಷ್ಟು ಎಲೆಕ್ಟ್ರಾನುಗಳನ್ನು ಸ್ಫಟಿಕದ ಕುಂದುಗಳಲ್ಲಿ ಸಿಕ್ಕಿಸುತ್ತದೆ. ತೊಟ್ಟಿಕ್ಕುವ ನಲ್ಲಿಯ ಕೆಳಗಿಟ್ಟ ಕೊಡದಂತೆ ಅದು ತುಂಬುತ್ತ ಹೋಗುತ್ತದೆ. ಸುಮಾರು 500 ಡಿಗ್ರಿಗಿಂತ ಹೆಚ್ಚು ಕಾದರೆ ಕೊಡ ಪೂರ್ತಿ ಬರಿದಾಗುತ್ತದೆ. ಕುಲುಮೆಯ ಬೆಂಕಿ ಹಾಗೆ ಕೊಡ ಖಾಲಿ ಮಾಡಿತು, ಬೆಂಕಿ ಆರಿದ ದಿನದಿಂದ ಮತ್ತೆ ಹನಿ ಬೀಳತೊಡಗಿತು. ಪ್ರಯೋಗಾಲಯದ ಮಂದ ಕೆಂಪು ಬೆಳಕಿನ ಕತ್ತಲಕೋಣೆಯಲ್ಲಿ ಆ ಕಣಗಳನ್ನು ಮತ್ತೆ ಕಾಯಿಸಿದರೆ, ಅಥವಾ ಅವುಗಳ ಮೇಲೆ ನೀಲಿ ಬೆಳಕು ಬಿಟ್ಟರೆ, ಕೂಡಿಟ್ಟದ್ದನ್ನೆಲ್ಲ ನಸು ಬೆಳಕಾಗಿ ಹೊರಚೆಲ್ಲುತ್ತವೆ. ಕೊಡದಲ್ಲಿರುವ ನೀರನ್ನು ಹನಿಯ ವೇಗದಿಂದ ಭಾಗಿಸಿದರೆ ಕಾಲ ಸಿಕ್ಕಿತು.

ಈ ಗಡಿಯಾರದ ಬೆಲೆ ಏನೆಂದರೆ ಅದು ಮರದ ವಯಸ್ಸನ್ನಲ್ಲ, ಬೆಂಕಿಯ ಕಾಲವನ್ನೇ ಹೇಳುತ್ತದೆ. ಕ್ರಿ.ಪೂ. 800–400ರ ಚಪ್ಪಟೆ ನೆಲವೂ ಇದಕ್ಕೆ ಲೆಕ್ಕಕ್ಕಿಲ್ಲ. ದಾವಣಗೆರೆ ಜಿಲ್ಲೆಯ ಕೊಮಾರನಹಳ್ಳಿಯ ಕಬ್ಬಿಣದ ಕಾಲದ ಮಡಕೆಗಳನ್ನು ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯ ಹೀಗೆ ಅಳೆದಾಗ ಕಾಲಗಳು ಸುಮಾರು ಕ್ರಿ.ಪೂ. 1400ರಿಂದ 900ರವರೆಗೆ ಹರಡಿದ್ದವು. ಹಳ್ಳೂರನ್ನೂ ಹಿಂದಿಕ್ಕಿದ ಸಂಖ್ಯೆಗಳು. ಹರಡು ದೊಡ್ಡದು ಎಂಬುದನ್ನೂ ಮರೆಯಬಾರದು. ಹನಿಯ ವೇಗ ತಿಳಿಯುವುದೇ ಇಲ್ಲಿ ಕಷ್ಟದ ಕೆಲಸ. ಹಂಪಿಯ ಗುಲಾಬಿ ಬಂಡೆಗಳು ಪೊಟ್ಯಾಸಿಯಂ ತುಂಬಿದ ಗ್ರಾನೈಟ್. ಬಂಡೆಯ ಬುಡದಲ್ಲಿ ಹೂತ ಕುಲುಮೆಗೆ ಹನಿ ಬೇಗ ಬೇಗ ಬೀಳುತ್ತದೆ, ನಾಲ್ಕು ಮಾರು ದೂರದ ಎರೆಮಣ್ಣಿನಲ್ಲಿ ಹೂತದ್ದಕ್ಕೆ ನಿಧಾನ. ಮಣ್ಣಿನ ತೇವವೂ ವಿಕಿರಣವನ್ನು ತಡೆಯುತ್ತದೆ. ಸಾವಿರಾರು ವರ್ಷ ಒಣಗಿದ್ದ ಹೊಲಕ್ಕೆ ತುಂಗಭದ್ರಾ ಕಾಲುವೆ ಬಂದು ಭತ್ತದ ಗದ್ದೆಯಾಗಿದ್ದರೆ ಅದನ್ನೂ ಲೆಕ್ಕಕ್ಕೆ ತರಬೇಕು. ಮಾದರಿ ತೆಗೆದ ಗುಂಡಿಯಲ್ಲೇ ವಿಕಿರಣ ಅಳೆಯದೆ, ಒಂದು ಚೂರು ಕಿಸೆಯಲ್ಲಿ ಹಾಕಿಕೊಂಡು ಹೋಗಿ ಪ್ರಯೋಗಾಲಯಕ್ಕೆ ಕೊಟ್ಟರೆ ಅದು ಏನನ್ನೂ ಹೇಳಲಾರದು.

ಕಬ್ಬಿಣವನ್ನೇ ನೇರವಾಗಿ ಅಳೆಯಲಾಗದೇ? ಆಗುತ್ತದೆ. ಈ ಗಡಿಯಾರ ನನಗೆ ಎಲ್ಲಕ್ಕಿಂತ ಪ್ರಿಯ. ಉಕ್ಕಿನಲ್ಲಿರುವ ಇಂಗಾಲ ಬಂದದ್ದು ಕುಲುಮೆಯ ಇದ್ದಿಲಿನಿಂದ, ಇದ್ದಿಲು ಬಂದದ್ದು ಮರದಿಂದ. ಹಾಗಾದರೆ ಕುಡುಗೋಲಿನ ಉಕ್ಕಿನೊಳಗೆ ಕಗ್ಗಲಿ ಮರದ ಉಸಿರು ಇನ್ನೂ ಇದೆ. 1969ರಲ್ಲಿ ನಿಕೋಲಾಸ್ ವಾನ್ ಡರ್ ಮರ್ವ ಇದನ್ನು ಆಧರಿಸಿ ಕಬ್ಬಿಣಕ್ಕೆ ಇಂಗಾಲ-14ರ ಕಾಲ ಕಟ್ಟುವುದು ಹೇಗೆಂದು ಪುಸ್ತಕವನ್ನೇ ಬರೆದರು. ಆಗಿನ ವಿಧಾನಕ್ಕೆ ಸುಮಾರು ಒಂದು ಗ್ರಾಂ ಇಂಗಾಲ ಬೇಕು. ನೂರಕ್ಕೆ ಒಂದು ಪಾಲು ಇಂಗಾಲವಿರುವ ಉಕ್ಕಾದರೆ ನೂರು ಗ್ರಾಂ ಬಲಿಕೊಡಬೇಕು, ಇಂಗಾಲ ಶೇಕಡ 0.05 ಮಾತ್ರವಿರುವ ಮೆತು ಕಬ್ಬಿಣವಾದರೆ ಎರಡು ಕಿಲೋ. ಯಾವ ವಸ್ತುಸಂಗ್ರಹಾಲಯ ಕೊಟ್ಟೀತು? ಈಗಿನ ವೇಗವರ್ಧಕ ಯಂತ್ರಗಳು ಕ್ಷಯಿಸುವುದನ್ನು ಕಾಯುತ್ತ ಕೂರದೆ ಪರಮಾಣುಗಳನ್ನೇ ಎಣಿಸುವುದರಿಂದ ಒಂದು ಮಿಲಿಗ್ರಾಂ ಇಂಗಾಲ ಸಾಕು. ಕಡೆಬಾಗಿಲಿನಲ್ಲಿ ಸಿಕ್ಕಂಥ ಉಕ್ಕಾದರೆ ಒಂದು ಗ್ರಾಂನ ಹತ್ತನೇ ಒಂದು ಪಾಲು. ಪೂರ್ತಿ ತುಕ್ಕು ಹಿಡಿದದ್ದರಲ್ಲೂ ಮೂಲ ಇಂಗಾಲ ಉಳಿದಿದ್ದರೆ ಅಳೆಯಬಹುದು ಎಂಬುದು 2003ರ ಹೊತ್ತಿಗೆ ಗೊತ್ತಾಗಿದೆ. ಹಳೆ ಕಬ್ಬಿಣ ಹೊಸ ಕಬ್ಬಿಣ ಕೂಡಿಸಿ ಕಮ್ಮಾರ ಕಾಯಿಸಿ ಬಡಿದಿದ್ದರೆ ಎರಡರ ನಡುವಿನ ಯಾವುದೋ ಕಾಲ ಬರುತ್ತದೆ, ಆ ಎಚ್ಚರ ಬೇಕು. ತೋರಣಗಲ್ಲಿನ ಕಾರ್ಖಾನೆಯಲ್ಲಿ ಇವತ್ತು ಸುರಿಯುವ ಉಕ್ಕನ್ನು ಇದೇ ಯಂತ್ರಕ್ಕೆ ಕೊಟ್ಟರೆ ಗಡಿಯಾರದ ಅಳವನ್ನೇ ಮೀರಿದ ವಯಸ್ಸು ಬರುತ್ತದೆ. ಅದರ ಇಂಗಾಲ ಬಂದದ್ದು ಕೋಟಿಗಟ್ಟಲೆ ವರ್ಷ ನೆಲದಡಿ ಇದ್ದ ಕಲ್ಲಿದ್ದಲಿನಿಂದ, ಅದರಲ್ಲಿ ಇಂಗಾಲ-14 ಒಂದು ಚೂರೂ ಉಳಿದಿಲ್ಲ.

ಈಗ ಬೇರೆ ನಾಡುಗಳ ಸಂಖ್ಯೆಗಳತ್ತ ನೋಡಬೇಕು. 2003ರಲ್ಲಿ ರಾಕೇಶ್ ತಿವಾರಿ ಉತ್ತರ ಪ್ರದೇಶದ ಮಲ್ಹಾರ್ ಮೊದಲಾದ ಕಡೆ ಕಬ್ಬಿಣ ಕ್ರಿ.ಪೂ. 1800ರ ಸುಮಾರಿಗೆ ಇತ್ತೆಂದು ಪ್ರಕಟಿಸಿದರು. ತಮಿಳುನಾಡು ಸರ್ಕಾರ 2022ರಲ್ಲಿ ನಮ್ಮ ಗಡಿಗೆ ಹತ್ತಿರದ ಕೃಷ್ಣಗಿರಿ ಜಿಲ್ಲೆಯ ಮಯಿಲಾಡುಂಪಾರೈಗೆ ಕ್ರಿ.ಪೂ. 2172 ಎಂದಿತು, 2025ರ ಜನವರಿಯಲ್ಲಿ ತೂತ್ತುಕುಡಿ ಜಿಲ್ಲೆಯ ಶಿವಗಳೈಗೆ ಕ್ರಿ.ಪೂ. 3345 ಎಂದಿತು. ಶಿವಗಳೈಯ ಅಳತೆಗಳು ಸಮಾಧಿಯ ಇದ್ದಿಲು ಮತ್ತು ಮಡಕೆಗಳದು. ಕಬ್ಬಿಣ ಅವುಗಳ ಜೊತೆಗಿತ್ತು. ಒಂದಕ್ಕಿಂತ ಹೆಚ್ಚು ಪ್ರಯೋಗಾಲಯಗಳಿಗೆ, ಒಂದಕ್ಕಿಂತ ಹೆಚ್ಚು ವಿಧಾನಗಳಿಗೆ ಮಾದರಿ ಕೊಟ್ಟದ್ದು ಮೆಚ್ಚಬೇಕಾದ ಕೆಲಸ. ಆದರೂ ಇದ್ದಿಲಿನ ಘಟನೆ ಮತ್ತು ಕಬ್ಬಿಣದ ಘಟನೆ ಒಂದೇ ಎಂಬುದು ಪದರದ ಮೇಲೆ ನಿಂತ ವಾದ. ಆ ಕಬ್ಬಿಣದೊಳಗಿನ ಇಂಗಾಲವೇ ಬಾಯಿಬಿಟ್ಟರೆ, ಅಥವಾ ಅಷ್ಟು ಹಳೆಯ ಕುಲುಮೆಯೊಂದು ಕಿಟ್ಟದ ಸಮೇತ ಸಿಕ್ಕರೆ, ವಾದ ಮುಗಿಯುತ್ತದೆ. ಯಾವ ನಾಡು ಮೊದಲು ಎಂಬ ಪಂದ್ಯದಲ್ಲಿ ನನಗೆ ಆಸಕ್ತಿ ಇಲ್ಲ. ಅದಿರಿನ ಬೆಟ್ಟವೇ ಎದುರಿಗಿರುವ ಸಂಡೂರು-ಹೊಸಪೇಟೆ ಸೀಮೆಯಲ್ಲಿ ಇದೇ ಶ್ರದ್ಧೆಯಿಂದ ನೂರು ಮಾದರಿ ಅಳೆಯಬೇಕೆಂಬ ಹಂಬಲ ಮಾತ್ರ ಇದೆ.

ಅಳೆಯಲು ಏನು ಉಳಿದಿದೆ? 1987ರಿಂದ ಹತ್ತು ವರ್ಷ ಸಿನೊಪೊಲಿ ಮತ್ತು ಮಾರಿಸನ್ ವಿಜಯನಗರದ ಸುತ್ತಮುತ್ತಲನ್ನು ಹೆಜ್ಜೆ ಹೆಜ್ಜೆಗೂ ನಡೆದು ನೂರಾರು ನೆಲೆಗಳನ್ನು ದಾಖಲಿಸಿದರು. ಪೀಟರ್ ಯೋಹಾನ್ಸನ್ ಬುಕ್ಕಸಾಗರ ಮೊದಲಾದ ಕಬ್ಬಿಣದ ಕಾಲದ ಊರುಗಳಲ್ಲಿ ನೆಲದ ಮೇಲಿನ ಕಿಟ್ಟವನ್ನು ಎಲ್ಲಿ ಎಷ್ಟಿದೆ ಎಂದು ಗುರುತಿಸಿ, ಕಬ್ಬಿಣದ ಕೆಲಸ ಊರಿನ ಯಾವ ಭಾಗದಲ್ಲಿ ನಡೆಯುತ್ತಿತ್ತು ಎಂದು ಓದಿದ್ದಾರೆ. ನೆಲದ ಮೇಲಿನ ಕಿಟ್ಟಕ್ಕೆ ಕಾಲ ಹೇಳುವುದು ಪಕ್ಕದಲ್ಲಿ ಬಿದ್ದ ಮಡಕೆ ಚೂರು. ಬೋರಲು ಹಾಕಿ ಸುಟ್ಟು, ಒಳಗೆ ಕಪ್ಪು ಹೊರಗೆ ಕೆಂಪಾದ ಮಡಕೆ ಇದ್ದರೆ ಕಬ್ಬಿಣದ ಕಾಲ. ಒರಟು ಕಂದು ಚೂರುಗಳಿದ್ದರೆ ವಿಜಯನಗರದ್ದೋ ಅದರ ನಂತರದ್ದೋ. ಇದು ನೆರೆಹೊರೆ ನೋಡಿ ಮನುಷ್ಯನನ್ನು ಅಳೆದಂತೆ. ಬಹಳ ಸಲ ಸರಿ. ಆದರೆ ಹಳೇ ಕಿಟ್ಟದ ಗುಡ್ಡೆಯನ್ನು ವಿಜಯನಗರದವರು ಕೆರೆ ಏರಿಗೋ ದಾರಿಗೋ ತುಂಬಿದ್ದರೆ, ನಿನ್ನೆ ಜೆಸಿಬಿ ಹೊಲ ಸಮ ಮಾಡಿದ್ದರೆ, ನೆರೆಹೊರೆಯೇ ಸುಳ್ಳು. ಸಂಡೂರಿನಲ್ಲಿ ಇದು ಇನ್ನೂ ಸಂಕಟದ ಮಾತು. ಹಿಂದಿನವರು ಇಳಿಜಾರಿನಲ್ಲಿ ಉರುಳಿಬಂದ ಒಳ್ಳೆಯ ಅದಿರಿನ ಕಲ್ಲನ್ನೇ ಆರಿಸುತ್ತಿದ್ದರು. ಈಗಿನ ಗಣಿಗಾರಿಕೆ ಮೊದಲು ಕೆರೆದು ತೆಗೆಯುವುದೂ ಆ ಮೇಲುಮಣ್ಣನ್ನೇ. 2011ರಲ್ಲಿ ಸುಪ್ರೀಂ ಕೋರ್ಟ್ ತಡೆಯುವ ಹೊತ್ತಿಗೆ ಎಷ್ಟೋ ಇಳಿಜಾರುಗಳು ಲಾರಿ ಏರಿ ಹೋಗಿದ್ದವು. ಕಾಡು ಹೋಯಿತೆಂದು ನಾವು ಅತ್ತಿದ್ದೇವೆ, ಸರಿಯೇ. ಆ ಇಳಿಜಾರಿನಲ್ಲಿ ಮೂರು ಸಾವಿರ ವರ್ಷದ ಕುಲುಮೆಯ ಬುಡವೊಂದು ಇದ್ದಿದ್ದರೆ ಅದಕ್ಕಾಗಿ ಅಳಲು ಯಾರಿಗೂ ತಿಳಿದಿರಲೇ ಇಲ್ಲ.

ಹಾಗಾಗಿ ಮೊದಲ ಕುಲುಮೆ ಹುಡುಕುವವರು ಕೊನೆಯ ಕುಲುಮೆಯಿಂದ ಶುರುಮಾಡಲಿ ಎಂಬುದು ನನ್ನ ಆಸೆ. ಕಾರಣ ಹೇಳುತ್ತೇನೆ. ಇನ್ನೂ ಒಂದು ಗಡಿಯಾರ ಬಾಕಿ ಇದೆ: ಭೂಮಿಯ ಕಾಂತಕ್ಷೇತ್ರ. ಕಾಂತಸೂಜಿ ತೋರುವ ದಿಕ್ಕು ಶತಮಾನದಿಂದ ಶತಮಾನಕ್ಕೆ ಅಲೆದಾಡುತ್ತದೆ. ಕುಲುಮೆಯ ಕೆಂಪು ಗೋಡೆಯಲ್ಲಿರುವ ಮ್ಯಾಗ್ನೆಟೈಟ್ ಕಣಗಳು 580 ಡಿಗ್ರಿಗಿಂತ ಕೆಳಗೆ ತಣಿಯುವಾಗ ಆ ಹೊತ್ತಿನ ದಿಕ್ಕನ್ನು ಹಾಗೇ ಹಿಡಿದಿಟ್ಟುಕೊಳ್ಳುತ್ತವೆ. ಕಿಟ್ಟವಂತೂ ಆ ಕಾಲದ ಕಾಂತಬಲವನ್ನೂ ಹಿಡಿದಿಡುತ್ತದೆ. ಇಸ್ರೇಲ್ ಮತ್ತು ಜೋರ್ಡಾನಿನ ತಾಮ್ರದ ಕಿಟ್ಟದಿಂದ ಹೀಗೆ ಬಹಳ ಕಲಿತಿದ್ದಾರೆ. ದಿಕ್ಕನ್ನು ಕಾಲವಾಗಿ ಓದಲು ಆಯಾ ಸೀಮೆಯ ಪಟ್ಟಿ ಬೇಕು, ದಕ್ಷಿಣ ಭಾರತಕ್ಕೆ ಅಂಥ ದಟ್ಟ ಪಟ್ಟಿ ಇನ್ನೂ ಇಲ್ಲ. ಆದರೆ ಮುಂಬಯಿಯ ಕೊಲಾಬಾ ವೀಕ್ಷಣಾಲಯದಲ್ಲಿ 1841ರಿಂದ ಕಾಂತಕ್ಷೇತ್ರವನ್ನು ಅಳೆದು ಬರೆದಿಟ್ಟಿದ್ದಾರೆ. ಕಮಲಾಪುರದ ಸುತ್ತ ಕೊನೆಯ ಕಾಲದ ಕುಲುಮೆಯ ಬುಡವೊಂದು ಅಲ್ಲಾಡದೆ ಉಳಿದಿದ್ದರೆ, ಅದು ತಣಿದಾಗ ಸೂಜಿ ಎತ್ತ ನೋಡುತ್ತಿತ್ತು ಎಂಬುದು ಆ ದಾಖಲೆಗಳಿಂದ ಲೆಕ್ಕ ಹಾಕಬಹುದು. ಗೋಡೆಯ ಮರಳಿನ ಕೊಡದಲ್ಲಿ ನೂರೈವತ್ತು ವರ್ಷದ ನೀರಷ್ಟೇ ಇರಬೇಕು, ಇದೆಯೇ ನೋಡಬಹುದು. ಉತ್ತರ ಗೊತ್ತಿರುವ ಲೆಕ್ಕದಲ್ಲಿ ಗಡಿಯಾರಗಳನ್ನು ಪರೀಕ್ಷಿಸಿಕೊಂಡು, ಆಮೇಲೆ ಸೇತುವೆ ದಾಟಿ ಕಡೆಬಾಗಿಲಿನ ಗುಡ್ಡ ಹತ್ತಬಹುದು.

ಅಲ್ಲಿಯವರೆಗೆ, ಈ ಕಡೆಯ ಹೊಲದಲ್ಲಿ ನಡೆಯುವಾಗ ಕಾಲಿಗೆ ಭಾರದ ಕರಿಕಲ್ಲೊಂದು ಎಡವಿದರೆ ಎತ್ತಿಕೊಂಡು ಮನೆಗೆ ಒಯ್ಯಬೇಡಿ. ಬಿದ್ದ ಜಾಗದಲ್ಲೇ ಬಿಡಿ. ಸುತ್ತ ಮಡಕೆ ಚೂರಿದೆಯೇ, ಸುಟ್ಟ ಕೆಂಪು ಮಣ್ಣಿದೆಯೇ ನೋಡಿ, ಫೋಟೊ ತೆಗೆದು ಜಾಗ ಗುರುತು ಹಾಕಿಕೊಳ್ಳಿ. ಕಮಲಾಪುರದಲ್ಲೇ ಪುರಾತತ್ವ ವಸ್ತುಸಂಗ್ರಹಾಲಯವಿದೆ, ಹೋಗಿ ತಿಳಿಸಿ.